ಎರಡು ಕಾಗದಗಳು

ಈಚೆಗೆ ನನ್ನ ತಮ್ಮನ ಮಗಳಿಗೆ ಎರಡು ಕಡೆ ಮೆಡಿಕಲ್ ಸೀಟು ಸಿಕ್ಕಿತು. ಒಂದು ಮಂಗಳೂರಿನಲ್ಲೇ ಇರುವ ಖಾಸಗಿ ಕಾಲೇಜು, ಇನ್ನೊಂದು ದೂರದ ಸರಕಾರಿ ಕಾಲೇಜು. ನಾಲ್ಕು ದಿನ ಮನೆಯಲ್ಲಿ ಬೇರೆ ಮಾತೇ ಇಲ್ಲ. "ಅತ್ತೆ, ನೀವಾದರೂ ಹೇಳಿ" ಎಂದು ಅವಳು ಕೇಳಿದಾಗ ನನಗೆ ನೆನಪಾದದ್ದು 1955ರಲ್ಲಿ ಅಜ್ಜನ ಮನೆಗೆ ಬಂದಿದ್ದ ಎರಡು ಕಾಗದಗಳು. ಆಗ ನಾನಿನ್ನೂ ಹುಟ್ಟಿರಲಿಲ್ಲ. ಆದರೆ ನಮ್ಮ ಮನೆಯ ಹೆಂಗಸರಿಗೆಲ್ಲ ಆ ಕಥೆ ಬಾಯಿಪಾಠ.

ಕಾಗದಗಳು ಬಂದದ್ದು ದೊಡ್ಡಮ್ಮನ ಹೆಸರಿಗೆ. ಒಂದು ಮದ್ರಾಸಿನಿಂದ, ಇನ್ನೊಂದು ಮಣಿಪಾಲದಿಂದ.

ಆಗ ನಮ್ಮ ಜಿಲ್ಲೆ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. 1835ರಷ್ಟು ಹಳೆಯದಾದ ಮದ್ರಾಸ್ ಮೆಡಿಕಲ್ ಕಾಲೇಜು 1875ರಲ್ಲೇ ಮೇರಿ ಶಾರ್ಲೀಬ್ ಮತ್ತು ಇನ್ನು ಕೆಲವು ಹೆಂಗಸರನ್ನು ಸೇರಿಸಿಕೊಂಡಿತ್ತು. ವೆಲ್ಲೂರಿನಲ್ಲಿ ಐಡಾ ಸ್ಕಡರ್ 1918ರಲ್ಲಿ ಹೆಣ್ಣುಮಕ್ಕಳಿಗೆಂದೇ ವೈದ್ಯಕೀಯ ಶಾಲೆ ತೆರೆದಿದ್ದರು. ದಾರಿ ಇರಲಿಲ್ಲವೆಂದಲ್ಲ. ಆದರೆ ಇಲ್ಲಿಯ ಹುಡುಗಿ ಆ ದಾರಿ ಹಿಡಿಯಬೇಕಾದರೆ ರೈಲು ಹತ್ತಿ, ಪಾಲಕ್ಕಾಡ್ ದಾಟಿ, ಭಾಷೆ ತಿಳಿಯದ ಊರಿಗೆ ಹೋಗಬೇಕಿತ್ತು.

ಅಷ್ಟರಲ್ಲಿ 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಆರಂಭಿಸಿದರು. ಸರಕಾರದ ಹಣವಿಲ್ಲದೆ, ವಿದ್ಯಾರ್ಥಿಗಳ ಶುಲ್ಕದ ಬಲದಿಂದ ನಡೆಯುವ ವೈದ್ಯಕೀಯ ಕಾಲೇಜುಗಳಲ್ಲಿ ದೇಶಕ್ಕೇ ಅದು ಮೊದಲನೆಯದು. ಕಾಲೇಜು ಇದ್ದದ್ದು ಮದ್ರಾಸ್ ರಾಜ್ಯದಲ್ಲಿ, ಪದವಿ ಕೊಡಬೇಕಾದದ್ದು ಮುಂಬಯಿ ರಾಜ್ಯದಲ್ಲಿದ್ದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ! 1955ರಲ್ಲಿ ಅದರ ಮಂಗಳೂರು ವಿಭಾಗ ತೆರೆಯಿತು. ಮೊದಲ ವರ್ಷಗಳ ಪಾಠ ಮಣಿಪಾಲದಲ್ಲಿ, ರೋಗಿಗಳ ಬಳಿ ಕಲಿಯುವುದು ಮಂಗಳೂರಿನ ಸರಕಾರಿ ವೆನ್‌ಲಾಕ್ ಆಸ್ಪತ್ರೆಯಲ್ಲಿ ಮತ್ತು ಹೆಂಗಸರ ಲೇಡಿ ಗೋಷನ್ ಆಸ್ಪತ್ರೆಯಲ್ಲಿ.

ಅಜ್ಜನಿಗೆ ಮದ್ರಾಸೇ ಸರಿ ಎನಿಸಿತ್ತು. ಫೀಸು ಕಡಿಮೆ, ಹೆಸರು ದೊಡ್ಡದು. ಹೊಸ ಕಾಲೇಜಿನ ಡಿಗ್ರಿಗೆ ಬೆಲೆ ಬರುತ್ತದೆಯೋ ಇಲ್ಲವೋ ಎಂಬ ಹೆದರಿಕೆ ಬೇರೆ. ಅಜ್ಜಿಗೆ ಮಗಳು ಕಣ್ಣೆದುರಿಗೆ ಇದ್ದರೆ ಸಾಕು. ಕೊನೆಗೆ ದೊಡ್ಡಮ್ಮನೇ ಬಾಯಿ ತೆರೆದರಂತೆ: "ಅಪ್ಪಾ, ನಮ್ಮ ಊರಿನ ಹೆಂಗಸರು ಗಂಡಸು ಡಾಕ್ಟರ ಎದುರು ನೋವು ಎಲ್ಲಿ ಎಂದು ಹೇಳುವುದಿಲ್ಲ. ನಾನು ಮದ್ದು ಕೊಡುವುದು ಇವರಿಗೆ. ಇವರ ಮಾತಿನಲ್ಲೇ ಕಲಿಯುತ್ತೇನೆ."

ಹಾಗೆ ಮಣಿಪಾಲ ಗೆದ್ದಿತು. ಮರುವರ್ಷ ನವೆಂಬರ್ 1ಕ್ಕೆ ಜಿಲ್ಲೆಯೇ ಮೈಸೂರು ರಾಜ್ಯಕ್ಕೆ ಸೇರಿತು, ಮದ್ರಾಸು ಪರರಾಜ್ಯವಾಯಿತು. ದೊಡ್ಡಮ್ಮ ಲೇಡಿ ಗೋಷನ್ನಿನ ವಾರ್ಡುಗಳಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತುಗಳ ನಡುವೆ ಹೆರಿಗೆ ಮಾಡಿಸಲು ಕಲಿತರು. ಮೂವತ್ತು ವರ್ಷ ಈ ಊರಿನಲ್ಲೇ ಪ್ರಾಕ್ಟೀಸು ಮಾಡಿದರು.

ಕಥೆ ಹೇಳುವವರು ಇಲ್ಲಿಗೇ ನಿಲ್ಲಿಸುತ್ತಿದ್ದರು. ಆದರೆ ಅದೇ ವರ್ಷ ನನ್ನ ಅಮ್ಮ ಹೈಸ್ಕೂಲು ಮುಗಿಸಿದ್ದಳು. 1921ರಿಂದಲೇ ಹೆಣ್ಣುಮಕ್ಕಳಿಗೆಂದು ಇದ್ದ ಸಂತ ಆಗ್ನೆಸ್ ಕಾಲೇಜಿಗೆ ಸೇರಬೇಕೆಂಬುದು ಅವಳ ಆಸೆ. ಮಣಿಪಾಲದ ಫೀಸು ಕಟ್ಟಿದ ಮೇಲೆ ಅಜ್ಜನ ಕೈಯಲ್ಲಿ ಏನೂ ಉಳಿಯಲಿಲ್ಲ. ಅಮ್ಮನನ್ನು ಯಾರೂ ಬೇಡವೆನ್ನಲಿಲ್ಲ. ಯಾರೂ ಕೇಳಲೂ ಇಲ್ಲ. ಎರಡು ವರ್ಷದಲ್ಲಿ ಮದುವೆಯಾಯಿತು. ಒಮ್ಮೆ ಮಾತ್ರ, ಅಕ್ಕನ ಕ್ಲಿನಿಕ್ಕಿನ ಬೋರ್ಡು ನೋಡುತ್ತಾ, "ಅದರಲ್ಲಿ ನನ್ನದೂ ನಾಲ್ಕು ಅಕ್ಷರ ಇದೆ" ಎಂದಿದ್ದಳು. ಈಗ ಇಬ್ಬರೂ ಇಲ್ಲ. ದೊಡ್ಡಮ್ಮ ಆರಿಸಿಕೊಂಡದ್ದು ತಪ್ಪೆಂದು ನಾನು ಹೇಳಲಾರೆ. ಅವರ ಕೈಯಲ್ಲಿ ಹುಟ್ಟಿದ ಮಕ್ಕಳು ಈ ಊರಿನ ಬೀದಿಬೀದಿಯಲ್ಲಿದ್ದಾರೆ.

ಸರಕಾರಿ ಸೀಟಿಗೂ ಖಾಸಗಿ ಸೀಟಿಗೂ ನಡುವಿನ ಅಂತರ ಆಮೇಲೆ ಬೆಳೆಯುತ್ತಲೇ ಹೋಯಿತು. 1989ರ ಕರ್ನಾಟಕ ಸರಕಾರದ ಆದೇಶದಂತೆ ಖಾಸಗಿ ಕಾಲೇಜಿನಲ್ಲಿ ಸರಕಾರಿ ಕೋಟಾದವರಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಉಳಿದವರಿಗೆ 25,000, ಹೊರಗಿನವರಿಗೆ 60,000. ತುಮಕೂರಿನ ಕಾಲೇಜೊಂದಕ್ಕೆ ಸೇರಬೇಕೆಂದಿದ್ದ ಮೀರತ್‌ನ ಮೋಹಿನಿ ಜೈನ್ ಇದನ್ನೇ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಳು, 1992ರಲ್ಲಿ ಗೆದ್ದಳು. ಮಂಗಳೂರಿನಲ್ಲಂತೂ 1999 ಒಂದೇ ವರ್ಷದಲ್ಲಿ ಫಾದರ್ ಮುಲ್ಲರ್, ಕೆ.ಎಸ್. ಹೆಗ್ಡೆ, ಯೇನೆಪೋಯ ಎಂದು ಮೂರು ಮೆಡಿಕಲ್ ಕಾಲೇಜುಗಳು ಆರಂಭವಾದವು. ಹುಡುಗಿಯರಿಗೆ ದೂರದ ಚಿಂತೆ ಕಡಿಮೆಯಾಯಿತು. ಫೀಸಿನ ಚಿಂತೆ ಹಾಗೆಯೇ ಉಳಿಯಿತು.

ನಾನು ತಮ್ಮನ ಮಗಳಿಗೆ ಯಾವ ಕಾಲೇಜೆಂದು ಹೇಳಲಿಲ್ಲ. ಎರಡು ಪ್ರಶ್ನೆ ಮಾತ್ರ ಕೇಳಿದೆ. ಎಂಥ ರೋಗಿಗಳ ನಡುವೆ ಕಲಿಯುತ್ತೀ? ನಿನ್ನ ಫೀಸನ್ನು ಮನೆಯಲ್ಲಿ ಯಾರು ಯಾರು ಕಟ್ಟುತ್ತಾರೆ?

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಓದುತ್ತಿದ್ದ ತಂಗಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಆಮೇಲೆ ಅಪ್ಪನಿಗೆ, "ಈಗ ಲೆಕ್ಕ ಹೇಳಿ" ಎಂದಳು.