ಬಸವನಹುಳು ಬರೆದ ಭೂಪಟ

'ಜೀವನ' ಎಂಬ ಶಬ್ದಕ್ಕೆ ನಮ್ಮ ನಿಘಂಟುಕಾರರು ಬದುಕು ಎಂಬ ಅರ್ಥದ ಜೊತೆಗೆ ನೀರು ಎಂಬ ಅರ್ಥವನ್ನೂ ಕೊಟ್ಟಿದ್ದಾರೆ. ಗದ್ದೆಯ ಕೆಸರಿನಲ್ಲಿ ಕಾಲೂರಿ ನಿಲ್ಲುವ ಬೇಸಾಯಗಾರನಿಗೆ ಈ ಎರಡು ಅರ್ಥಗಳ ನಡುವೆ ಅಂತರವೇ ಇಲ್ಲ. ಆದರೆ ಅನ್ನ ಕೊಡುವ ಆ ನೀರೇ ಪ್ರಾಣವನ್ನು ಕೇಳತೊಡಗಿದರೆ ಅವನು ಎಲ್ಲಿಗೆ ಹೋಗಬೇಕು? ಜಪಾನಿನ ಕೆಲವು ಕಣಿವೆಗಳ ರೈತರು ತಲೆಮಾರುಗಳ ಕಾಲ ಈ ಪ್ರಶ್ನೆಯೊಡನೆಯೇ ಬಾಳಿದರು. ಕೊನೆಗೆ ಉತ್ತರ ದೊರೆತದ್ದು ಅಕ್ಕಿಯ ಕಾಳಿಗಿಂತ ತುಸುವೇ ದೊಡ್ಡದಾದ ಒಂದು ಬಸವನಹುಳುವಿನಲ್ಲಿ. ಅದು ಎಲ್ಲೆಲ್ಲಿ ಇದೆಯೆಂದು ಗುರುತಿಸಿದ ಭೂಪಟದ ಚರಿತ್ರೆಯೇ ಇಂದಿನ ನನ್ನ ವಿಷಯ.

ಈಗಿನ ಹಿರೋಷಿಮಾ ಪ್ರಾಂತದಲ್ಲಿ ಕತಾಯಾಮಾ ಎಂಬ ಸಣ್ಣ ಗುಡ್ಡವಿದೆ. 1847ರಲ್ಲಿ ಫುಜಿಯಿ ಎಂಬ ಸ್ಥಳೀಯ ವೈದ್ಯ ಆ ಗುಡ್ಡದ ಸುತ್ತಣ ಊರುಗಳ ವಿಚಿತ್ರ ವ್ಯಾಧಿಯನ್ನು ಕುರಿತು ಒಂದು ಬರಹವನ್ನು ಬರೆದಿಟ್ಟನು. ಗದ್ದೆಗೆ ಇಳಿದವರ ಕಾಲುಗಳಲ್ಲಿ ಮೊದಲು ತುರಿಕೆಯ ಗುಳ್ಳೆಗಳೇಳುತ್ತವೆ, ಆಮೇಲೆ ಭೇದಿ, ದಿನಗಳೆದಂತೆ ಕೈಕಾಲು ಕಡ್ಡಿಯಂತಾಗಿ ಹೊಟ್ಟೆ ಮಾತ್ರ ಉಬ್ಬುತ್ತದೆ. ಮನುಷ್ಯರಷ್ಟೇ ಅಲ್ಲ, ದನಗಳೂ ಹೀಗೆಯೇ ಕೃಶವಾಗಿ ಸಾಯುತ್ತವೆ. ಕಾರಣವೇನೆಂದು ಬಲ್ಲವರು ತಿಳಿಸಬೇಕೆಂಬ ಬಿನ್ನಹವೂ ಆ ಬರಹದಲ್ಲಿತ್ತು.

ಯಾಮಾನಾಷಿ ಪ್ರಾಂತದ ಕೋಫು ಬಯಲಿನಲ್ಲಂತೂ ಈ ಜಲೋದರಕ್ಕೆ 'ಈ ನೆಲದ ರೋಗ' ಎಂದೇ ಹೆಸರಾಗಿತ್ತು. ಸುತ್ತಲೂ ಬೆಟ್ಟ, ನಡುವೆ ನದಿಗಳು ತುಂಬಿ ಹರಿಯುವ ತಗ್ಗು ಭೂಮಿ, ಅದರ ತುಂಬ ಬತ್ತದ ಗದ್ದೆ. ಇಂಥ ಊರಿಗೆ ಸೊಸೆಯಾಗಿ ಹೋಗುವವಳ ದುರ್ದೈವವನ್ನು ಕುರಿತು ಜನಪದ ಹಾಡುಗಳೇ ಹುಟ್ಟಿದ್ದವು. ಯಾವ ಊರಿಗೆ ಹೆಣ್ಣು ಕೊಡಬಾರದು ಎಂಬುದನ್ನು ಹಾಡುಗಳು ಹೆಸರು ಹೇಳಿ ತಿಳಿಸುತ್ತಿದ್ದುವೆಂದಮೇಲೆ, ರೋಗದ ಮೊದಲ ಭೂಪಟವನ್ನು ಬರೆದವರು ವಿಜ್ಞಾನಿಗಳಲ್ಲ, ಹಾಡುವ ಹೆಂಗಸರು ಎನ್ನಬೇಕಾಗುತ್ತದೆ. ಊರುಗಳ ಹೆಸರು ಸರಿಯಾಗಿಯೇ ಇದ್ದುವು. ಆದರೆ ಕಾರಣದ ಜಾಗದಲ್ಲಿ ವಿಧಿ ಎಂಬ ಒಂದೇ ಶಬ್ದವಿತ್ತು.

ಆ ಶಬ್ದವನ್ನು ಒಪ್ಪದ ಒಬ್ಬ ರೈತ ಮಹಿಳೆಯ ಹೆಸರು ಸುಗಿಯಾಮಾ ನಾಕಾ. ರೋಗ ಉಲ್ಬಣಿಸಿ ಸಾವು ಖಚಿತವೆಂದು ತಿಳಿದ ಮೇಲೆ, ತನ್ನ ದೇಹವನ್ನು ಕೊಯ್ದು ನೋಡಿ ಕಾರಣವನ್ನು ಕಂಡುಹಿಡಿಯಬೇಕೆಂದು ಆಕೆ ವೈದ್ಯರನ್ನು ಬೇಡಿಕೊಂಡಳು. ಸತ್ತವರ ದೇಹವನ್ನು ಕತ್ತರಿಸುವುದೆಂದರೆ ಜನ ನಡುಗುತ್ತಿದ್ದ ಕಾಲ ಅದು. 1897ರ ಜೂನ್ ತಿಂಗಳಲ್ಲಿ ಬೌದ್ಧ ದೇವಾಲಯವೊಂದರಲ್ಲಿ ಆ ಶವಪರೀಕ್ಷೆ ನಡೆಯಿತು. ಆಕೆಯ ಯಕೃತ್ತಿನಲ್ಲಿ ಯಾವುದೋ ಅಜ್ಞಾತ ಜೀವಿಯ ಮೊಟ್ಟೆಗಳು ಕಂಡವು. ಅಕ್ಷರಲೋಕಕ್ಕೆ ದೂರವಾಗಿದ್ದ ಒಬ್ಬ ಹೆಂಗಸಿನ ದಾನದಿಂದ ಶಾಸ್ತ್ರದ ಬಾಗಿಲು ತೆರೆಯಿತು.

ಏಳು ವರ್ಷಗಳ ಬಳಿಕ, 1904ರಲ್ಲಿ, ಕತ್ಸುರಾದಾ ಎಂಬ ವಿದ್ವಾಂಸನು ಕೋಫು ಬಯಲಿನ ಒಂದು ಬೆಕ್ಕಿನ ದೇಹದಲ್ಲಿ ಆ ಮೊಟ್ಟೆಗಳನ್ನಿಡುವ ಹುಳುವನ್ನೇ ಕಂಡನು. ರಕ್ತನಾಳಗಳೊಳಗೆ ವಾಸಿಸುವ ಹುಳು ಅದು. ಆದರೆ ದೇಹವನ್ನು ಹೊಗುವ ದಾರಿ ಯಾವುದು? ಕುಡಿಯುವ ನೀರೇ ಎಂದು ಹಲವು ವೈದ್ಯರ ನಂಬಿಕೆ. ಕಾಲಿನ ತುರಿಕೆಯಿಂದ ಎಂದು ರೈತರ ಅನುಭವ. 1909ರಲ್ಲಿ ಫುಜಿನಾಮಿ ಮತ್ತು ಆತನ ಸಂಗಡಿಗರು ಕತಾಯಾಮಾದಲ್ಲಿ ದನಗಳನ್ನು ಗುಂಪು ಮಾಡಿ ನೀರಿಗಿಳಿಸಿದರು. ಕೆಲವಕ್ಕೆ ಬಾಯಿಕುಕ್ಕೆ ಕಟ್ಟಿದ್ದರು. ಕೆಲವಕ್ಕೆ ಬಾಯಿ ಬಿಟ್ಟು ಕಾಲುಗಳನ್ನು ನೀರು ಸೋಕದಂತೆ ಸುತ್ತಿದ್ದರು. ಬಾಯಿ ಮುಚ್ಚಿದವಕ್ಕೆ ರೋಗ ತಗುಲಿತು. ಕಾಲು ಮುಚ್ಚಿದವು ಉಳಿದುಕೊಂಡವು. ರೈತರ ಮಾತೇ ನಿಜವಾಯಿತು.

ಇನ್ನು ಉಳಿದದ್ದು ಒಂದೇ ಕೊಂಡಿ. 1913ರಲ್ಲಿ ಕ್ಯೂಶು ವಿಶ್ವವಿದ್ಯಾನಿಲಯದ ಮಿಯಾಯಿರಿ ಮತ್ತು ಸುಝುಕಿ ಎಂಬ ಇಬ್ಬರು, ಚಿಕುಗೋ ನದಿಯ ಬಯಲಿನ ಕಾಲುವೆಯೊಂದರಲ್ಲಿ ಕಂದುಬಣ್ಣದ ಚೂಪು ಚಿಪ್ಪಿನ ಬಸವನಹುಳುವನ್ನು ಹೆಕ್ಕಿ ತೆಗೆದರು. ರೋಗಿಯ ಮಲದೊಡನೆ ನೀರು ಸೇರಿದ ಮೊಟ್ಟೆ ಒಡೆದು ಮರಿ ಹೊರಬರುತ್ತದೆ. ಅದು ಈ ಬಸವನಹುಳುವಿನೊಳಗೆ ಹೊಕ್ಕು ಒಂದು ನೂರಾಗಿ, ನೂರು ಸಾವಿರವಾಗಿ ಬೆಳೆಯುತ್ತದೆ. ಮರಳಿ ನೀರಿಗಿಳಿದು, ಗದ್ದೆಯಲ್ಲಿ ನಿಂತವರ ಚರ್ಮವನ್ನು ಕೊರೆದು ಒಳಸೇರುತ್ತದೆ. ಈ ಹುಳುವಿಗೆ ಬೇರೆ ಜಾತಿಯ ಬಸವನಹುಳು ಒಗ್ಗದು. ಆದುದರಿಂದ ಆ ಒಂದು ಜಾತಿ ಇಲ್ಲದ ಕಡೆ ರೋಗವೂ ಬೇರೂರದು. ಬ್ರಿಟಿಷ್ ವಿಜ್ಞಾನಿ ಲೈಪರ್ ಈ ತಿಳಿವಿನ ಹಾದಿಯಲ್ಲಿಯೇ ನಡೆದು, 1915ರಲ್ಲಿ ಈಜಿಪ್ಟಿನ ರೋಗಕ್ಕೆ ಕಾರಣವಾದ ಬೇರೆ ಬಸವನಹುಳುಗಳನ್ನು ಕೈರೋದ ಬಳಿ ಗುರುತಿಸಿದನು.

ಭೂಪಟಕ್ಕೆ ಅರ್ಥ ಬಂದದ್ದು ಆಗ. ರೋಗಿಗಳ ಊರುಗಳನ್ನು ಗುರುತಿಸಿದ ಪಟದ ಮೇಲೆ ಬಸವನಹುಳುವಿನ ನೆಲೆಗಳನ್ನು ಇಟ್ಟು ನೋಡಿದರೆ ಒಂದರ ಮೇಲೊಂದು ಕೂಡುತ್ತಿತ್ತು. ಆ ಹುಳು ನಡುಹೊಳೆಯಲ್ಲಿ ಇರುವುದಲ್ಲ. ನಿಧಾನವಾಗಿ ಹರಿಯುವ ಕಾಲುವೆಯ ಅಂಚಿನ ಹಸಿಮಣ್ಣು, ಹುಲ್ಲಿನ ಬುಡ, ಇವು ಅದರ ಮನೆ. ಆದಕಾರಣ ಈ ಪಟವನ್ನು ಕಚೇರಿಯಲ್ಲಿ ಕುಳಿತು ಬರೆಯುವಂತಿರಲಿಲ್ಲ. ಬದುವಿನಿಂದ ಬದುವಿಗೆ ಬಗ್ಗಿ ನಡೆದು ಹುಡುಕಬೇಕಾಗಿತ್ತು. ಊರಿನ ವಿಧಿಯೆಂದು ತಿಳಿದಿದ್ದುದು ಈಗ ಇಷ್ಟು ಉದ್ದದ, ಇಂಥ ಗದ್ದೆಯ ಪಕ್ಕದ ಒಂದು ಕಾಲುವೆಯಾಯಿತು. ವಿಧಿಯನ್ನು ತಿದ್ದಲಾಗದು, ಕಾಲುವೆಯನ್ನು ತಿದ್ದಬಹುದು.

ತಿದ್ದಿದರು ಕೂಡ. ಊಟದ ಕಡ್ಡಿಗಳಿಂದ ಬಸವನಹುಳುಗಳನ್ನು ಒಂದೊಂದಾಗಿ ಹೆಕ್ಕಿ ತಂದ ಜನರಿಗೆ ಅಳತೆಯ ಮೇಲೆ ಹಣ ಕೊಟ್ಟರು. ಸುಣ್ಣ ಸುರಿದರು, ಬೆಂಕಿಯಿಂದ ಸುಟ್ಟರು, ಔಷಧ ಹೊಡೆದರು. ಎರಡನೆಯ ಮಹಾಯುದ್ಧದ ತರುವಾಯ ಮಣ್ಣಿನ ಕಾಲುವೆಗಳಿಗೆ ಸಿಮೆಂಟಿನ ಗೋಡೆ ಕಟ್ಟಿ, ನೀರು ನೇರವಾಗಿ, ವೇಗವಾಗಿ ಹರಿಯುವಂತೆ ಮಾಡಿದರು. ಯಾಮಾನಾಷಿಯೊಂದರಲ್ಲೇ ಹೀಗೆ ಕಟ್ಟಿದ ಕಾಲುವೆಗಳ ಉದ್ದ 2,000 ಕಿಲೋಮೀಟರಿಗೂ ಹೆಚ್ಚು. ಎಷ್ಟೋ ಬತ್ತದ ಗದ್ದೆಗಳು ದ್ರಾಕ್ಷಿ, ಪೀಚ್ ಹಣ್ಣಿನ ತೋಟಗಳಾದವು. 1970ರ ದಶಕ ಮುಗಿಯುವ ವೇಳೆಗೆ ಹೊಸ ರೋಗಿಗಳು ಕಾಣದಾದರು. 1996ರಲ್ಲಿ ಯಾಮಾನಾಷಿಯಲ್ಲಿ ರೋಗ ಕೊನೆಗೊಂಡಿತೆಂದು ಘೋಷಣೆಯಾಯಿತು. ಸುಗಿಯಾಮಾ ನಾಕಾಳ ಬೇಡಿಕೆಗೂ ಈ ಘೋಷಣೆಗೂ ನಡುವೆ 99 ವರ್ಷಗಳು.

ಇದು ಪರದೇಶದ ಮಾತೆಂದು ನಾವು ದೂರ ನಿಲ್ಲುವಂತಿಲ್ಲ. ಇದೇ ಹುಳು ಚೀನಾ, ಫಿಲಿಪೈನ್ಸ್ ದೇಶಗಳಲ್ಲಿ ಇನ್ನೂ ಇದೆ. ಇದರ ಬಂಧುಗಳು ಆಫ್ರಿಕದಲ್ಲಿ ಕೋಟಿಗಟ್ಟಲೆ ಜನರನ್ನು ಪೀಡಿಸುತ್ತಿವೆ. ನಮ್ಮ ನೆರೆಯ ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿಯಲ್ಲಿ ಮನುಷ್ಯರಿಗೆ ತಗುಲಿದ ಇಂಥದೇ ರೋಗವನ್ನು ಗಾಡ್ಗೀಳ್ ಮತ್ತು ಷಾ ಎಂಬ ವೈದ್ಯರು 1952ರಲ್ಲಿ ಪ್ರಕಟಪಡಿಸಿದರು. ನಮ್ಮ ರೈತರು ದನಗಳ 'ಗೊರಕೆ ರೋಗ' ಎನ್ನುತ್ತಾರಲ್ಲ, ಅದಕ್ಕೆ ಕಾರಣವಾದ ಹುಳುವೂ ಇದೇ ವಂಶದ್ದು. 1930ರ ದಶಕದಲ್ಲಿ ಮದರಾಸಿನ ಎಂ. ಅನಂತ ನಾರಾಯಣ ರಾವ್ ಅದನ್ನು ವರ್ಣಿಸಿದರು. ಅದನ್ನು ಹೊತ್ತು ಬೆಳೆಸುವುದು ನಮ್ಮ ಕೆರೆಕುಂಟೆಗಳ ಚಪ್ಪಟೆ ಸುರುಳಿಯ ಬಸವನಹುಳು. ದನ ಮೀಯಿಸುವ ಕೆರೆಯ ದಂಡೆಯಲ್ಲಿಯೂ ಬರೆಯಬೇಕಾದ ಭೂಪಟವುಂಟು ಎಂದಾಯಿತು.

ಜಪಾನಿನ ಗೆಲುವಿಗೆ ಬೆಲೆ ಇಲ್ಲದಿರಲಿಲ್ಲ. ಸಿಮೆಂಟು ಮತ್ತು ವಿಷಗಳು ಶತ್ರು ಯಾರು, ನೆರೆಯವರು ಯಾರು ಎಂದು ವಿಚಾರಿಸುವುದಿಲ್ಲ. ಕೋಫು ಬಯಲಿನ ಹೆಸರಾಂತ ಮಿಂಚುಹುಳುಗಳು ಕಾಲುವೆಯ ಅಂಚಿನಿಂದ ಮರೆಯಾದವು. ಬಸವನಹುಳುವಾದರೂ ಮಾಡಿದ ಅಪರಾಧವೇನು? ಪರರ ಹುಳುವಿಗೆ ತನಗರಿವಿಲ್ಲದೆಯೇ ಆಸರೆ ಕೊಟ್ಟದ್ದು. ಈ ಸಂಕೋಚ ಅಲ್ಲಿನ ಜನರ ಮನಸ್ಸನ್ನೂ ಮುಟ್ಟಿರಬೇಕು. 2000ದಲ್ಲಿ ಚಿಕುಗೋ ನದಿಯ ತೀರದ ಕುರುಮೆಯಲ್ಲಿ, ಮಾನವ ಸಮಾಜದ ರಕ್ಷಣೆಗಾಗಿ ಮನುಷ್ಯರ ಕೈಯಿಂದಲೇ ಅಳಿದುಹೋದ ಆ ಬಸವನಹುಳುವಿನ ಆತ್ಮಶಾಂತಿಗೆಂದು ಒಂದು ಸ್ಮಾರಕಶಿಲೆಯನ್ನು ನಿಲ್ಲಿಸಿದರು.

ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಗಾಗಿ ಹತ್ತನೆಯ ಶತಮಾನದಲ್ಲಿ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಆ ಕಲ್ಲು ನಮ್ಮ ಪರವಾಗಿ ಕಾದಿದ ಪ್ರಾಣಿಗೆ ಸಂದ ಗೌರವ. ಕುರುಮೆಯ ಕಲ್ಲು ನಾವು ಉಳಿಯುವುದಕ್ಕಾಗಿ ಅಳಿಸಿದ ಪ್ರಾಣಿಗೆ ಸಂದದ್ದು. ಸುಗಿಯಾಮಾ ನಾಕಾಳ ನೆನಪಿಗೂ ಕೋಫುವಿನಲ್ಲಿ ಒಂದು ಶಿಲೆಯಿದೆ. ಈ ರೋಗದ ಭೂಪಟವನ್ನು ಬರೆಯುವವರು ಈ ಎರಡು ಕಲ್ಲುಗಳನ್ನೂ ಅದರಲ್ಲಿ ಗುರುತಿಸಬೇಕು. ಉಳಿದವರು ಯಾರಿಗೆ ಋಣಿಗಳು ಎಂಬುದು ಅವಿಲ್ಲದೆ ತಿಳಿಯುವುದಿಲ್ಲ.