ಪ್ಲಗಿನ್ ಕೋಷ್ಟಕ ದೋಷದಿಂದಾಗುವ ಬ್ಯಾಕಪ್ ವೈಫಲ್ಯ

ಪ್ಲಗಿನ್ ಕೋಷ್ಟಕ ದೋಷದಿಂದಾಗುವ ಬ್ಯಾಕಪ್ ವೈಫಲ್ಯ ಎಂದರೆ, ಜಾಲತಾಣದ ದತ್ತಸಂಚಯದಲ್ಲಿ ಪ್ಲಗಿನ್ ಒಂದು ತನಗಾಗಿ ರಚಿಸಿಕೊಂಡ ಕೋಷ್ಟಕವು ಕೆಟ್ಟು, ಇಡೀ ತಾಣದ ಬ್ಯಾಕಪ್ ಅರ್ಧದಲ್ಲೇ ನಿಂತುಹೋಗುವ ತೊಂದರೆ. 2003ರಲ್ಲಿ ಬಿಡುಗಡೆಯಾದ ವರ್ಡ್‌ಪ್ರೆಸ್ ಹಾಗೂ ಮೈಎಸ್‌ಕ್ಯೂಎಲ್ ಬಳಸುವ ತಾಣಗಳಲ್ಲಿ ಇದು ಕಂಡುಬರುತ್ತದೆ. ಕೆಟ್ಟ ಕೋಷ್ಟಕವನ್ನು ಪುಟಗಳು ಬಳಸದಿದ್ದರೆ ತಾಣವು ಎಂದಿನಂತೆ ತೆರೆದುಕೊಳ್ಳುತ್ತದೆ. ಆದ್ದರಿಂದ ಬ್ಯಾಕಪ್ ಅಪೂರ್ಣವಾಗಿದೆ ಎಂಬುದು ಅದು ಬೇಕಾದ ದಿನದವರೆಗೂ ತಿಳಿಯದೇ ಹೋಗಬಹುದು.

ಕಾರಣಗಳು

ಮೈಎಸ್‌ಕ್ಯೂಎಲ್ 5.5ನೇ ಆವೃತ್ತಿಯಿಂದ (2010) ಇನ್ನೋಡಿಬಿ ಪೂರ್ವನಿಯೋಜಿತ ಸಂಗ್ರಹ ವಿಧಾನವಾಯಿತು. ಆದರೆ ಹಳೆಯ ತಾಣಗಳ ಕೋಷ್ಟಕಗಳು ತಾವಾಗಿ ಬದಲಾಗಲಿಲ್ಲ. ಅನೇಕವು ಮೈಐಸ್ಯಾಮ್ ವಿಧಾನದಲ್ಲೇ ಉಳಿದವು. ಬರೆಯುತ್ತಿರುವಾಗಲೇ ಸರ್ವರ್ ನಿಂತರೆ ಅಥವಾ ಡಿಸ್ಕ್ ತುಂಬಿದರೆ ಇಂತಹ ಕೋಷ್ಟಕದ ಸೂಚಿ ಕಡತ ಹಾಳಾಗುತ್ತದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಕುಳಿತು ತಾಣ ನಿರ್ವಹಿಸುವವರ ಮನೆಯಲ್ಲಿ ವಿದ್ಯುತ್ ಹೋದರೆ ಕೋಷ್ಟಕ ಕೆಡುವುದಿಲ್ಲ, ಏಕೆಂದರೆ ಅದು ಇರುವುದು ದೂರದ ಸರ್ವರ್‌ನಲ್ಲಿ. ಇಳಿಸಿಕೊಳ್ಳುತ್ತಿರುವ ಬ್ಯಾಕಪ್ ಕಡತ ಮಾತ್ರ ತುಂಡಾಗಬಹುದು. ಈ ಎರಡು ತೊಂದರೆಗಳನ್ನು ಒಂದೆಂದು ಭಾವಿಸುವುದು ಸಾಮಾನ್ಯ ತಪ್ಪು.

ಪ್ರತಿ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್ ಉಪಕರಣವು ದೋಷ ಎದುರಾದಲ್ಲಿಯೇ ನಿಲ್ಲುತ್ತದೆ. ದೋಷ ಸಂಖ್ಯೆ 145 ಎಂದರೆ ಕೋಷ್ಟಕ ಕೆಟ್ಟಿದೆ, ದುರಸ್ತಿ ಬೇಕು ಎಂದರ್ಥ. 144 ಎಂದರೆ ಹಿಂದಿನ ದುರಸ್ತಿಯೂ ವಿಫಲವಾಗಿದೆ. ಕೆಟ್ಟ ಕೋಷ್ಟಕದ ಹೆಸರು ದೋಷ ಸಂದೇಶದಲ್ಲೇ ಇರುತ್ತದೆ.

ದುರಸ್ತಿ

ದುರಸ್ತಿಯಲ್ಲಿ ಕೆಲವು ಸಾಲುಗಳು ಕಳೆದುಹೋಗುವ ಸಂಭವವಿರುವುದರಿಂದ, ಮೊದಲು ಆ ಕೋಷ್ಟಕದ ಕಡತಗಳನ್ನು ಇದ್ದ ಹಾಗೆಯೇ ನಕಲು ಮಾಡಿಡಬೇಕು. ಬಳಿಕ ಪಿಎಚ್‌ಪಿಮೈಅಡ್ಮಿನ್‌ನಲ್ಲಿ 'ಚೆಕ್ ಟೇಬಲ್', ಅನಂತರ 'ರಿಪೇರ್ ಟೇಬಲ್' ಆಜ್ಞೆ ನೀಡಲಾಗುತ್ತದೆ. ಇನ್ನೋಡಿಬಿ ಕೋಷ್ಟಕಗಳಿಗೆ ಈ ಎರಡನೆಯ ಆಜ್ಞೆ ಅನ್ವಯಿಸದು. ಅವುಗಳನ್ನು ಸಾಮಾನ್ಯವಾಗಿ ಹಿಂದಿನ ಬ್ಯಾಕಪ್‌ನಿಂದ ಮರಳಿಸಬೇಕಾಗುತ್ತದೆ.

ವರ್ಡ್‌ಪ್ರೆಸ್‌ಗೆ ತನ್ನದೇ ದುರಸ್ತಿ ಪುಟವಿದೆ. ಸಂರಚನಾ ಕಡತದಲ್ಲಿ 'ಡಬ್ಲ್ಯುಪಿ ಅಲೋ ರಿಪೇರ್' ಎಂಬ ಸ್ಥಿರಾಂಕವನ್ನು ಸೇರಿಸಿದರೆ ಅದು ತೆರೆಯುತ್ತದೆ. ಆದರೆ ಈ ಪುಟವು ವರ್ಡ್‌ಪ್ರೆಸ್‌ನ ಮೂಲ ಕೋಷ್ಟಕಗಳನ್ನಷ್ಟೇ ಪರೀಕ್ಷಿಸುತ್ತದೆ. ಪ್ಲಗಿನ್ ತನ್ನ ಕೋಷ್ಟಕಗಳನ್ನು ಪಟ್ಟಿಗೆ ಸೇರಿಸದಿದ್ದರೆ, ಎಲ್ಲವೂ ಸರಿಯಾಗಿದೆ ಎಂಬ ವರದಿ ಬಂದ ಮೇಲೂ ಬ್ಯಾಕಪ್ ವಿಫಲವಾಗುತ್ತಲೇ ಇರುತ್ತದೆ. ಲಾಗಿನ್ ಇಲ್ಲದೆಯೇ ಯಾರು ಬೇಕಾದರೂ ಈ ಪುಟವನ್ನು ತೆರೆಯಬಹುದಾದ್ದರಿಂದ, ಕೆಲಸ ಮುಗಿದೊಡನೆ ಆ ಸಾಲನ್ನು ಅಳಿಸುವುದು ಅಗತ್ಯ.

ದುರಸ್ತಿ ಸಾಧ್ಯವಾಗದಿದ್ದಲ್ಲಿ ಕೋಷ್ಟಕದಲ್ಲಿ ಏನಿದೆ ಎಂಬುದೇ ನಿರ್ಣಾಯಕ. ಭೇಟಿಗಳ ಎಣಿಕೆ ಅಥವಾ ತಾತ್ಕಾಲಿಕ ಮಾಹಿತಿಯಾದರೆ ಅದನ್ನು ಬ್ಯಾಕಪ್‌ನಿಂದ ಹೊರಗಿಡಬಹುದು. ತೆಗೆದುಹಾಕಿದ ಪ್ಲಗಿನ್ ಬಿಟ್ಟುಹೋದ ಕೋಷ್ಟಕವನ್ನು ಅಳಿಸಲೂಬಹುದು. ಓದುಗರು ತುಂಬಿದ ಅರ್ಜಿಗಳು ಅಥವಾ ದೇಣಿಗೆಯ ದಾಖಲೆಗಳಿದ್ದರೆ ಅಳಿಸುವಂತಿಲ್ಲ. ಅಷ್ಟೇ ಅಲ್ಲ, ದೋಷವನ್ನು ಲೆಕ್ಕಿಸದೆ ಮುಂದುವರಿಯಲು ಉಪಕರಣಕ್ಕೆ ಹೇಳುವ 'ಫೋರ್ಸ್' ಆಯ್ಕೆಯನ್ನು ಬಳಸಿದರೆ, ಬ್ಯಾಕಪ್ ಮುಗಿದಂತೆ ಕಂಡರೂ ಆ ದಾಖಲೆಗಳು ಅದರಲ್ಲಿ ಇರುವುದಿಲ್ಲ.

ಪರಿಶೀಲನೆ

ಪೂರ್ಣಗೊಂಡ ಡಂಪ್ ಕಡತದ ಕೊನೆಯಲ್ಲಿ, ಟಿಪ್ಪಣಿಗಳನ್ನು ನಿಷೇಧಿಸಿರದಿದ್ದರೆ, 'ಡಂಪ್ ಕಂಪ್ಲೀಟೆಡ್' ಎಂಬ ಸಾಲಿರುತ್ತದೆ. ಅದಿಲ್ಲದ ಕಡತ ತುಂಡಾಗಿರುವ ಸಾಧ್ಯತೆ ಹೆಚ್ಚು. ಖಚಿತವಾದ ಪರೀಕ್ಷೆಯೆಂದರೆ ಬ್ಯಾಕಪ್ಪನ್ನು ಖಾಲಿ ದತ್ತಸಂಚಯವೊಂದಕ್ಕೆ ಮರಳಿಸಿ ನೋಡುವುದು. ಕನ್ನಡ ತಾಣಗಳಲ್ಲಿ ಅಕ್ಷರಗಳನ್ನೂ ಗಮನಿಸಬೇಕು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್‌ಗಳು ಬೇಕು. ಲ್ಯಾಟಿನ್-1ಕ್ಕೆ ಪರಿವರ್ತಿಸಿ ತೆಗೆದ ಬ್ಯಾಕಪ್‌ನಲ್ಲಿ ಅವು ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತವೆ, ಆ ಕಡತದಿಂದ ಮೂಲ ಪಠ್ಯವನ್ನು ಮರಳಿ ಪಡೆಯಲಾಗದು.