ಅರಿಶಿನದ ಕೆಂಪು: ಅಜ್ಞಾತ ದ್ರವ್ಯಗಳ ಗುರುತಿನ ಚರಿತ್ರೆಗೊಂದು ಟಿಪ್ಪಣಿ

ಮದುಮಕ್ಕಳನ್ನು ಹೊಸಿಲಲ್ಲಿ ನಿಲ್ಲಿಸಿ ಕೆಂಪಾರತಿ ಎತ್ತುವ ವಾಡಿಕೆ ಕಾಡುಗೋಡಿಯ ಹಳೆಯ ಬೀದಿಗಳಲ್ಲೂ ಸುತ್ತ ಎದ್ದಿರುವ ಅಪಾರ್ಟ್‌ಮೆಂಟುಗಳಲ್ಲೂ ಉಳಿದಿದೆ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದೊಡನೆ ತಟ್ಟೆ ಕೆಂಪಾಗುತ್ತದೆ. ರಸಾಯನಶಾಸ್ತ್ರದ ಮಾತಿನಲ್ಲಿ ಅದು ಕ್ಷಾರದ ಗುರುತು. ಆದರೆ ಅರಿಶಿನ ಕೆಂಪಾದಾಗಲೆಲ್ಲ ಕ್ಷಾರವೇ ಕಾರಣವೇ? ಗೊತ್ತಿಲ್ಲದ ದ್ರವ್ಯವನ್ನು ಗುರುತಿಸುವ ವಿದ್ಯೆ ಬೆಳೆದದ್ದು ಇಂಥ ಪ್ರಶ್ನೆಯಿಂದಲೇ ಎಂಬುದು ಈ ಲೇಖನದ ವಾದ.

ಚಿನ್ನವನ್ನು ಒರೆಗೆ ಹಚ್ಚುವುದು ನಮ್ಮಲ್ಲಿ ನುಡಿಗಟ್ಟೇ ಆಗಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ರತ್ನಗಳ ಗುಣದೋಷಗಳನ್ನು ವಿವರಿಸುತ್ತದೆ. ತಾಮ್ರದ ಜ್ವಾಲೆ ನೀಲಿ, ತವರದ್ದು ಪಾರಿವಾಳದ ಬಣ್ಣ ಎನ್ನುವ, ರಸವಿದ್ಯೆಯ ಗ್ರಂಥ ‘ರಸಾರ್ಣವ’ದ ವಿವರವನ್ನು ರಸಾಯನಶಾಸ್ತ್ರಜ್ಞ ಪ್ರಫುಲ್ಲಚಂದ್ರ ರಾಯ್ ಆಧುನಿಕ ಓದುಗರ ಗಮನಕ್ಕೆ ತಂದರು. ಯುರೋಪಿನಲ್ಲಿ 1758ರ ಸುಮಾರಿಗೆ ರಸಾಯನಶಾಸ್ತ್ರಜ್ಞ ಮಾರ್ಗ್ರಾಫ್ ಸೋಡಿಯಂ ಮತ್ತು ಪೊಟ್ಯಾಸಿಯಂ ಲವಣಗಳನ್ನು ಜ್ವಾಲೆಯ ಬಣ್ಣದಿಂದ ಬೇರೆ ಬೇರೆಯಾಗಿ ಗುರುತಿಸಿದ. ತೊಡಕೂ ಅಲ್ಲೇ ಇತ್ತು: ಸೋಡಿಯಂ ಲವಲೇಶವಿದ್ದರೂ ಅದರ ಹಳದಿ ಪೊಟ್ಯಾಸಿಯಂನ ತೆಳು ನೇರಳೆಯನ್ನು ಮರೆಮಾಡುತ್ತದೆ. ಆ ಹಳದಿಯನ್ನು ತಡೆಯಲು ಕೋಬಾಲ್ಟಿನ ನೀಲಿ ಗಾಜು ಬಂತು.

ಅರಿಶಿನಕ್ಕೂ ಇದೇ ಪಾಡು. 1833ರ ವಿದ್ಯುತ್ ವಿಭಜನೆಯ ಪ್ರಯೋಗಗಳಲ್ಲಿ ಮೈಕೆಲ್ ಫ್ಯಾರಡೆ ಕ್ಷಾರ ಹುಟ್ಟುವ ಕಡೆಯನ್ನು ಅರಿಶಿನದ ಕಾಗದದಿಂದ ಕಂಡುಕೊಂಡ. ಆದರೆ ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪುಡಿಯ ದ್ರಾವಣಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ, ಅದರಲ್ಲಿ ಅದ್ದಿದ ಅರಿಶಿನದ ಕಾಗದವನ್ನು ಒಣಗಿಸಿದರೂ ಅದು ಕೆಂಗಂದಾಗುತ್ತದೆ. ಇಲ್ಲಿ ನಿರ್ಣಾಯಕ ಎರಡನೆಯ ಪರೀಕ್ಷೆ. ಕ್ಷಾರದಿಂದ ಬಂದ ಕೆಂಪು ಆಮ್ಲ ತಗುಲಿದರೆ ಹಳದಿಗೆ ಮರಳುತ್ತದೆ. ಬೋರಾನಿನ ಕೆಂಪು ಕ್ಷಾರ ತಗುಲಿದರೆ ಕಪ್ಪು ನೀಲಿಗೆ ತಿರುಗುತ್ತದೆ.

ಈ ಎಚ್ಚರಕ್ಕೆ ಕ್ರಮದ ಚೌಕಟ್ಟು ಕೊಟ್ಟವನು ರಸಾಯನಶಾಸ್ತ್ರಜ್ಞ ಫ್ರೆಸೆನಿಯಸ್. 1841ರ ಅವನ ಕೈಪಿಡಿಯ ಪರಂಪರೆಯೇ ಇಂದಿನ ಪಿಯು ವಿದ್ಯಾರ್ಥಿಗಳ ಸಾಲ್ಟ್ ಅನಾಲಿಸಿಸ್. ಅಮೋನಿಯಂ ಅನ್ನು ಮೊದಲೇ ಏಕೆ ಹುಡುಕಬೇಕು? ಮುಂದಿನ ಅಯಾನು ಗುಂಪುಗಳ ಪರೀಕ್ಷೆಗೆ ನಾವೇ ಅಮೋನಿಯಂ ಕ್ಲೋರೈಡ್ ಬೆರೆಸುತ್ತೇವೆ. ಆಮೇಲೆ ಹುಡುಕಿದರೆ ಸಿಗುವುದು ನಾವು ಹಾಕಿದ್ದೇ. ಬಾಯಿಪಾಠ ಮಾಡುವ ಪಟ್ಟಿಯ ಪ್ರತಿ ಮೆಟ್ಟಿಲ ಹಿಂದೆಯೂ ಇಂಥ ತರ್ಕವಿದೆ. ಅದನ್ನು ಹೇಳದೆ ಪಟ್ಟಿಯನ್ನಷ್ಟೇ ಕಲಿಸುವುದು ವಿದ್ಯೆಯ ಜೀವವನ್ನೇ ಬಿಟ್ಟಂತೆ.

1860ರಲ್ಲಿ ಬುನ್ಸೆನ್ ಮತ್ತು ಕಿರ್ಕಾಫ್ ಜ್ವಾಲೆಯ ಬೆಳಕನ್ನು ಪಟ್ಟಕದಲ್ಲಿ ಬಿಡಿಸಿ ಸೀಸಿಯಂ ಕಂಡುಹಿಡಿದರು. ಆ ದಾರಿ ಬೆಂಗಳೂರಿಗೂ ಬಂತು. ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1959ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದ ಸಿ.ಎನ್.ಆರ್. ರಾವ್ ನೇರಳಾತೀತ ರೋಹಿತದ ಬಗ್ಗೆ 1961ರಲ್ಲಿ, ಅವಗೆಂಪು ರೋಹಿತದ ಬಗ್ಗೆ 1963ರಲ್ಲಿ ಗ್ರಂಥಗಳನ್ನು ಹೊರತಂದರು. ಅಣುವಿನ ಬಂಧಗಳೇ ತಮ್ಮ ಗುರುತು ಹೇಳುವ ಕಾಲವದು.

ಉಪಕರಣ ಬದಲಾದರೂ ಒಂದು ಸುಳಿವು ಶಂಕೆಗೆ, ಇನ್ನೊಂದು ನಿಶ್ಚಯಕ್ಕೆ ಎಂಬ ನಿಯಮ ಬದಲಾಗಿಲ್ಲ. ಕಲಬೆರಕೆಯ ಪರೀಕ್ಷೆಯೇ ಸಾಕ್ಷಿ. ಗಟ್ಟಿ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಶುದ್ಧ ಅರಿಶಿನವೂ ಕೆಂಪೇರುತ್ತದೆ. ನೀರು ಬೆರೆಸಿದರೂ ಆ ಬಣ್ಣ ಮಾಸದಿದ್ದರೆ ಮೆಟಾನಿಲ್ ಯೆಲ್ಲೋ ಎಂಬ ಕೃತಕ ಬಣ್ಣ ಸೇರಿರುವ ಶಂಕೆ ಬಲವಾಗುತ್ತದೆ. ನೀರು ಬೆರೆಸುವ ತನಕ ಕಾಯದವನು ಒಳ್ಳೆಯ ಅರಿಶಿನವನ್ನೂ ಕಲಬೆರಕೆಯೆಂದು ಬಿಸಾಡುತ್ತಾನೆ.